ಹತ್ತಿ ಬಟ್ಟೆಗೆ ರೋಟರಿ ಪ್ರಿಂಟ್: ನಾನು ಅನುಸರಿಸುವ ಕ್ರಮ

ರೋಟರಿ ಪ್ರಿಂಟ್ ಅಂದರೆ ತಿರುಗುವ ಕೊಳವೆಯಾಕಾರದ ಜಾಲರಿ (ಸ್ಕ್ರೀನು) ಮೂಲಕ ಬಟ್ಟೆಗೆ ಡಿಸೈನ್ ಒತ್ತುವುದು. ರಿಯಾಕ್ಟಿವ್ ಬಣ್ಣದಲ್ಲಿ, ಅಂದರೆ ಹತ್ತಿಯ ನಾರಿನ ಜೊತೆ ರಾಸಾಯನಿಕವಾಗಿ ಕೂಡುವ ಬಣ್ಣದಲ್ಲಿ, ಹತ್ತಿ ಬಟ್ಟೆ ಪ್ರಿಂಟ್ ಮಾಡುವಾಗ ಯಂತ್ರದ ಹತ್ತಿರ ಹೋಗುವ ಮೊದಲು ನಾನು ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡುತ್ತೇನೆ. ಎರಡು ಅಂಚಿನಲ್ಲೂ ನಡುವಿನಲ್ಲೂ ಮೂರು ಸೆಕೆಂಡಿನೊಳಗೆ ಇಂಗಬೇಕು. ಅಂಚಿನಲ್ಲಿ ಮಾತ್ರ ತಡವಾದರೆ ಅಲ್ಲಿ ಶೇಡ್ ತೆಳುವಾಗುತ್ತದೆ, ಆಮೇಲೆ ಸ್ಕ್ವೀಜಿಯನ್ನು (ಸ್ಕ್ರೀನಿನೊಳಗಿಂದ ಬಣ್ಣ ಒತ್ತುವ ಬ್ಲೇಡು) ಎಷ್ಟು ಒತ್ತಿದರೂ ಸರಿಹೋಗುವುದಿಲ್ಲ. ಅಯೋಡಿನ್ ಹನಿ ನೀಲಿಗೆ ತಿರುಗಿದರೆ ಗಂಜಿ ಉಳಿದಿದೆ. ಬ್ಲೀಚಿಂಗಿನ ಪೆರಾಕ್ಸೈಡ್ ಉಳಿದಿದ್ದರೂ ಬಣ್ಣ ಕೆಡುತ್ತದೆ. ಅಂಥ ಥಾನನ್ನು ವಾಪಸ್ ಕಳಿಸಿಬಿಡುವುದೇ ಲೇಸು.

ಒಂದು ಕಿಲೋ ಪೇಸ್ಟಿಗೆ ನನ್ನ ಅಳತೆ: ಶೇ. 5ರ ಸೋಡಿಯಂ ಆಲ್ಜಿನೇಟ್ ಗಮ್ (ಪೇಸ್ಟನ್ನು ಮಂದ ಮಾಡುವ ಅಂಟು) 500 ಗ್ರಾಂ, ಯೂರಿಯಾ 150, ಬಣ್ಣ 30, ಸೋಡಿಯಂ ಬೈಕಾರ್ಬೊನೇಟ್ 25, ರೆಸಿಸ್ಟ್ ಸಾಲ್ಟ್ (ಬಣ್ಣ ಕೆಡದಂತೆ ಕಾಯುವ ಲವಣ) 10, ಹೆಕ್ಸಾಮೆಟಾಫಾಸ್ಫೇಟ್ 5, ಉಳಿದದ್ದು ನೀರು. ಗಮ್ಮಿನಲ್ಲಿ ಕಾಸು ಉಳಿಸಲು ಪಿಷ್ಟ ಬೆರೆಸುವವರಿದ್ದಾರೆ. ಬಣ್ಣ ಪಿಷ್ಟದ ಜೊತೆಗೇ ಕೂಡಿಕೊಳ್ಳುತ್ತದೆ, ಶೇಡ್ ಇಳಿಯುತ್ತದೆ, ತೊಳೆದರೂ ಗಮ್ ಬಿಡದೆ ಬಟ್ಟೆ ಒರಟಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ತಾಗಿದರೆ ಆಲ್ಜಿನೇಟ್ ಗಂಟುಕಟ್ಟುತ್ತದೆ, ಹೆಕ್ಸಾಮೆಟಾಫಾಸ್ಫೇಟ್ ಹಾಕುವುದು ಅದಕ್ಕೇ. ಸ್ಟರರ್ ತಿರುಗುತ್ತಿರುವಾಗ ಆಲ್ಜಿನೇಟ್ ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸಿ ರಾತ್ರಿಯಿಡೀ ನೆನೆಯಲು ಬಿಡಬೇಕು. ಬಣ್ಣವನ್ನು ಯೂರಿಯಾ ಕರಗಿಸಿದ ಬಿಸಿನೀರಿನಲ್ಲಿ ಕದಡಿ ಗಮ್ಮಿಗೆ ಸೇರಿಸುತ್ತೇನೆ. ಬೈಕಾರ್ಬೊನೇಟ್ ಕೊನೆಗೆ, ಪೇಸ್ಟ್ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಲ್ಲಿ ಹಾಕಿದರೆ ಅದು ಕಾರ್ಬೊನೇಟ್ ಆಗಿ, ಬಣ್ಣ ಡ್ರಮ್ಮಿನಲ್ಲೇ ನೀರಿನ ಜೊತೆ ಕೂಡಿ ಸತ್ತುಹೋಗುತ್ತದೆ. ಪೇಸ್ಟನ್ನು ಸ್ಕ್ರೀನಿಗಿಂತ ನಯವಾದ ನೈಲಾನ್ ಬಟ್ಟೆಯಲ್ಲಿ ಸೋಸದೆ ಯಂತ್ರಕ್ಕೆ ಕೊಡುವುದಿಲ್ಲ.

ಸ್ಕ್ರೀನು ನಿಕಲ್‌ನದು, ಸಾಮಾನ್ಯ ಸುತ್ತಳತೆ 64 ಸೆ.ಮೀ. ಹಾಗಾಗಿ ಡಿಸೈನಿನ ರಿಪೀಟ್ (ಅದೇ ಚಿತ್ರ ಮರಳಿ ಬರುವ ಅಂತರ) 64, 32, 16 ಹೀಗೆ ಸಮನಾಗಿ ಭಾಗವಾಗಬೇಕು. ಸಣ್ಣ ಗೆರೆಗಳಿಗೆ 125 ಮೆಶ್ (ಇಂಚಿಗೆ 125 ರಂಧ್ರ), ದೊಡ್ಡ ಹರವಿನ ಬಣ್ಣಕ್ಕೆ 80. ಗೆರೆಯ ಸ್ಕ್ರೀನುಗಳನ್ನು ಮೊದಲು ಕೂರಿಸಿ, ಹರವಿನದನ್ನು ಕೊನೆಗಿಡುತ್ತೇನೆ. ಮೊದಲೇ ಇಟ್ಟರೆ ಹಸಿ ಬಣ್ಣದ ಮೇಲೆ ಮುಂದಿನ ಸ್ಕ್ರೀನುಗಳೆಲ್ಲ ಹಾದು ಅದನ್ನು ಜಜ್ಜುತ್ತವೆ.

ಫಿಟ್ಟಿಂಗನ್ನು, ಅಂದರೆ ಎಲ್ಲ ಸ್ಕ್ರೀನುಗಳ ಬಣ್ಣ ತಂತಮ್ಮ ಜಾಗದಲ್ಲಿ ಬೀಳುವ ಹೊಂದಾಣಿಕೆಯನ್ನು, ನಿಧಾನ ಓಟದಲ್ಲೇ ಕೂರಿಸಬೇಕು. ವೇಗ ಏರಿಸಿದಾಗ ಔಟ್‌ಲೈನ್ ಸರಿದರೆ ಸ್ಕ್ರೀನನ್ನು ಮುಟ್ಟುವ ಮುನ್ನ ಬ್ಲ್ಯಾಂಕೆಟಿನ (ಬಟ್ಟೆಯನ್ನು ಹೊತ್ತೊಯ್ಯುವ ಬೆಲ್ಟ್) ಅಂಟು ನೋಡಿ. ಬಟ್ಟೆ ಅಂಟಿ ಕೂತಿಲ್ಲದಿದ್ದರೆ ಎಳೆತಕ್ಕೆ ಜಾರುತ್ತದೆ.

ಚುಕ್ಕೆ ಕಂಡರೆ ಟೇಪು ಹಿಡಿದು ಅಳೆಯುತ್ತೇನೆ. ಸರಿಯಾಗಿ 64 ಸೆ.ಮೀ.ಗೊಮ್ಮೆ ಡಿಸೈನಿನ ಹೊರಗೆ ಬಣ್ಣದ ಚುಕ್ಕೆ ಬಿದ್ದಿದ್ದರೆ ಸ್ಕ್ರೀನಿನಲ್ಲಿ ಪಿನ್‌ಹೋಲ್, ಲ್ಯಾಕರ್ ಹಚ್ಚಿ ಮುಚ್ಚಿದರೆ ಮುಗಿಯಿತು. ಅಷ್ಟೇ ಅಂತರದಲ್ಲಿ ಬಣ್ಣ ಬಿಟ್ಟುಹೋಗಿದ್ದರೆ ರಂಧ್ರಗಳಲ್ಲಿ ಗಮ್ ಒಣಗಿದೆ, ಇಲ್ಲವೇ ನೂಲಿನ ಎಳೆ ಅಂಟಿದೆ. ಅಂತರಕ್ಕೆ ಲೆಕ್ಕವೇ ಇಲ್ಲದಿದ್ದರೆ ತಪ್ಪು ಬಟ್ಟೆಯದು ಅಥವಾ ಪೇಸ್ಟಿನದು. ಉದ್ದಕ್ಕೂ ಒಂದೇ ಗೆರೆ ಓಡಿದ್ದರೆ ಸ್ಕ್ವೀಜಿ ಬ್ಲೇಡಿನ ಅಂಚು ಬೆರಳಲ್ಲಿ ಸವರಿ ನೋಡಿ: ಕಚ್ಚು ಸಿಗುತ್ತದೆ ಅಥವಾ ಸೋಸದೆ ಉಳಿದ ಕಣ ಸಿಗುತ್ತದೆ.

ಬಣ್ಣ ನಿಜಕ್ಕೂ ಹಿಡಿಯುವುದು ಸ್ಟೀಮರಿನಲ್ಲಿ: 102 ಡಿಗ್ರಿ ಸೆಲ್ಸಿಯಸ್, 8 ನಿಮಿಷ. ಹಬೆ ಒಣಗಿದ್ದರೆ ಶೇಡ್ ತೆಳು. ಹಬೆಯಲ್ಲಿ ನೀರಿದ್ದರೆ ಅಂಚು ಹರಡುತ್ತದೆ. ವಾಷಿಂಗಿನಲ್ಲಿ ಮೊದಲು ಧಾರಾಳವಾಗಿ ತಣ್ಣೀರು ಹರಿಸಿ ಕ್ಷಾರವನ್ನೂ ಬಟ್ಟೆಗೆ ಹಿಡಿಯದೆ ಉಳಿದ ಬಣ್ಣವನ್ನೂ ಕಳೆಯಬೇಕು. ನೇರ ಬಿಸಿನೀರಿಗೆ ಹಾಕಿದರೆ ಡಿಸೈನಿನ ಬಿಳಿ ಜಾಗಕ್ಕೆ ಕರೆ ಹಿಡಿದು ಕೂರುತ್ತದೆ. ಆಮೇಲೆ 95 ಡಿಗ್ರಿಯಲ್ಲಿ ಸೋಪು, ಮತ್ತೆ ಬಿಸಿನೀರು, ಮತ್ತೆ ತಣ್ಣೀರು. ಒದ್ದೆ ತುಂಡಿನ ಮೇಲೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿದಾಗ ಕರೆ ಬಂದರೆ ಇನ್ನೊಮ್ಮೆ ಸೋಪಿಗೆ. ಟರ್ಕಾಯ್ಸ್ (ಹಸಿರು ಮಿಶ್ರಿತ ನೀಲಿ) ಇರುವ ಡಿಸೈನಿಗೆ ಎರಡನೇ ಸೋಪು ಬೇಕೇ ಬೇಕು ಎಂದುಕೊಂಡೇ ನೀರಿನ ಲೆಕ್ಕ ಹಾಕುತ್ತೇನೆ.