ಬಂಡೀಪಾಳ್ಯದಲ್ಲಿ ಟೊಮೆಟೊ ಹರಾಜಿಗೆ ಇಡುವಾಗ

ಟೊಮೆಟೊ ರೇಟು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕ್ರೇಟುಗಳ ಮುಂದೆ ಎಷ್ಟು ಜನ ನಿಂತು ಕೂಗುತ್ತಾರೆ ಅನ್ನೋದು ಸ್ವಲ್ಪ ನಮ್ಮ ಕೈಯಲ್ಲೇ ಇದೆ. ಮೈಸೂರಿನ ಬಂಡೀಪಾಳ್ಯ ಎಪಿಎಂಸಿ ಮಾರುಕಟ್ಟೆಗೆ ಮಾಲು ಹಾಕುತ್ತಾ ನಾನು ಕಂಡುಕೊಂಡಿದ್ದು ಇದು.

ಮೊದಲು ಹೊತ್ತು ನೋಡಬೇಕು. ನನ್ನ ಮಾಲಿಗೆ ಯಾವಾಗಲೂ ರೇಟು ಏರಿಸೋರು ಕೇರಳದ ವ್ಯಾಪಾರಿಗಳು. ವಯನಾಡು, ಕೋಝಿಕ್ಕೋಡಿಗೆ ಹೋಗುವ ಲಾರಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗೆ ಹಾಯಬೇಕು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಗೇಟ್ ಹಾಕೋದರೊಳಗೆ ಕಾಡು ದಾಟಬೇಕಾದವನು ತಡವಾಗಿ ಬಂದ ಮಾಲಿಗೆ ಕಾಯ್ತಾನಾ? ಅವನು ಲೋಡ್ ಮಾಡಿಕೊಂಡು ಹೊರಟ ಮೇಲೆ ಉಳಿಯೋರು ಚಿಲ್ಲರೆಯವರು. ಅವರಿಗೆ ನಾಲ್ಕೈದು ಕ್ರೇಟು ಸಾಕು, ಅದಕ್ಕೂ ಚೌಕಾಸಿ. ಹಾಗಾಗಿ ನಾನು ಹಿಂದಿನ ದಿನ ಬಿಸಿಲು ಇಳಿದ ಮೇಲೆ ಬಿಡಿಸಿ, ರಾತ್ರಿ ನೆರಳಲ್ಲಿ ಹರಡಿ, ಬೆಳಗ್ಗೆ ಬೇಗ ಗಾಡಿ ಬಿಡ್ತೀನಿ. ದೂರ ಹೋಗೋ ಮಾಲಲ್ವಾ, ಪೂರ್ತಿ ಕೆಂಪಾದದ್ದು ಬೇಡ. ಬಣ್ಣ ತಿರುಗಿದ ದೋರುಗಾಯಿ ಆಗಬೇಕು.

ಆಮೇಲೆ ವಿಂಗಡಣೆ. ಕ್ರೇಟಿನ ಮೇಲೆ ಜೋಡಿಸಿಟ್ಟ ಅಂದದ ಹಣ್ಣನ್ನು ಯಾರೂ ನೋಡಲ್ಲ. "ಅಣ್ಣ, ತಳದಲ್ಲೂ ಹಿಂಗೇನಾ?" ಅಂತ ವ್ಯಾಪಾರಿ ಕೇಳೋ ಹೊತ್ತಿಗೇ ಅವನ ಕೈ ಮೊಣಕೈವರೆಗೆ ಒಳಗೆ ಹೋಗಿರುತ್ತೆ. ಅನುಮಾನ ಬಂದರೆ ಇಡೀ ಕ್ರೇಟನ್ನೇ ಪಕ್ಕದ ಖಾಲಿ ಕ್ರೇಟಿಗೆ ಸುರೀತಾರೆ. ಹುಳು ಕೊರೆದದ್ದು, ಸೀಳಿದ್ದು ನಾಲ್ಕು ಕಂಡರೆ ಮುಗೀತು, ಎಲ್ಲ ಕ್ರೇಟಿಗೂ ಅದೇ ಲೆಕ್ಕ. ಈಗ ದಪ್ಪ, ಮಧ್ಯಮ, ಗೋಲಿ ಅಂತ ಮೂರು ಲಾಟು ಮಾಡ್ತೀವಿ. ಗೋಲಿಯನ್ನು ಹೋಟೆಲಿನವರು ಖುಷಿಯಿಂದಲೇ ಒಯ್ಯುತ್ತಾರೆ, ಸಾರು ಮಾಡೋಕೆ ಗಾತ್ರ ಯಾಕೆ? ವಿಂಗಡಿಸುವ ಕೆಲಸ ನನ್ನ ಹೆಂಡತಿಯದು. ನಾನು ಕೂತರೆ ಎಲ್ಲವೂ ದಪ್ಪವಾಗೇ ಕಾಣುತ್ತೆ.

ನಮ್ಮಲ್ಲಿ ದಲ್ಲಾಳಿ ಕಡಿಮೆ ರೇಟಿನಿಂದ ಕೂಗು ಶುರು ಮಾಡಿ ಏರಿಸುತ್ತಾ ಹೋಗುತ್ತಾನೆ. ಹಾಲೆಂಡಿನಲ್ಲಿ ಇದರ ಉಲ್ಟಾ. ಅಲ್ಲಿ ತರಕಾರಿ ಹರಾಜು 1887ರಲ್ಲೇ ಶುರುವಾಯ್ತು. ಆ ಹರಾಜಿನಲ್ಲಿ ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತೆ, ಮೊದಲು ಹೂಂ ಅಂದವನಿಗೆ ಮಾಲು. ಕಾದರೆ ಮಾಲು ಇನ್ನೊಬ್ಬನ ಪಾಲು ಅನ್ನೋ ಭಯ ಕೊಳ್ಳುವವನಿಗೆ. ನಮ್ಮಲ್ಲಿ ಕೂಗೋರು ಇಬ್ಬರೇ ಇದ್ದರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ನಾಗ್ತಾರೆ. ಅದಕ್ಕೇ ನಾನು ಜನ ಇರೋ ಹೊತ್ತಿನ ಬಗ್ಗೆ ಅಷ್ಟು ಹೇಳಿದ್ದು.

ರೇಟು ಒಪ್ಪಿಗೆಯಾಗದಿದ್ದರೆ ಬೇಡ ಅನ್ನೋ ಹಕ್ಕು ರೈತನಿಗಿದೆ. ಬೆಲ್ಲ, ಕೊಬ್ಬರಿಯವರು ಅದನ್ನು ಬಳಸಿಕೊಳ್ಳಬಹುದು. ಟೊಮೆಟೊ ವಾಪಸ್ ತಂದು ಏನು ಮಾಡೋದು? ನಾಳೆಗೆ ಮೆತ್ತಗಾಗುತ್ತೆ, ಗಾಡಿ ಬಾಡಿಗೆ ಬೇರೆ. ಹಾಗಾಗಿ ಗಾಡಿ ಹತ್ತಿಸುವ ಮೊದಲೇ ದಲ್ಲಾಳಿಗೆ ಫೋನ್ ಮಾಡಿ ಆವಕ, ಅಂದರೆ ಮಾರುಕಟ್ಟೆಗೆ ಬಂದ ಮಾಲು, ಎಷ್ಟಿದೆ ಅಂತ ವಿಚಾರಿಸ್ತೀನಿ. ಮಾಲು ತುಂಬಿ ತುಳುಕುತ್ತಿದ್ದರೆ ಒಂದು ದಿನ ಗಿಡದಲ್ಲೇ ಬಿಡೋದು ಲೇಸು. ಓಣಂ ಹತ್ತಿರವಿದ್ದರೆ ಈ ಲೆಕ್ಕಾಚಾರವೇ ಬೇಡ, ಕೇರಳದವರೇ ಜಾಸ್ತಿ ಬರ್ತಾರೆ.

ಮಾಲು ಮಾರಿದ ಮೇಲೆ ದಲ್ಲಾಳಿ ಕೊಡೋ ಲೆಕ್ಕದ ಪಟ್ಟಿಯನ್ನು ಮಾತ್ರ ಅಲ್ಲೇ ಓದಿ. ನಮ್ಮ ರಾಜ್ಯದ ನಿಯಮದ ಪ್ರಕಾರ ದಲ್ಲಾಳಿ ಕಮಿಷನ್ ಕೊಳ್ಳುವವನು ಕೊಡಬೇಕು, ರೈತನಲ್ಲ. ದಲ್ಲಾಳಿಯೊಬ್ಬರು ನನಗೆ ಬಿಳಿ ಚೀಟಿಯಲ್ಲಿ ಬರೆದು ಕಮಿಷನ್ ಮುರಿದುಕೊಂಡಿದ್ದರು. "ಅಧಿಕೃತ ಬಿಲ್ಲೇ ಕೊಡಿ ಸ್ವಾಮಿ" ಅಂದೆ. ಗೊಣಗಿಕೊಂಡೇ ಬಿಲ್ ಪುಸ್ತಕ ತೆಗೆದರು.