ಎಣ್ಣೆ ಬಾಟಲಿಗೆ ಒಂದು ಹಿಡಿ ನುಚ್ಚು

ಪ್ಲಾಸ್ಟಿಕ್ ಬಾಟಲಿ ತೊಳೆದು ಹಾಕಿ ಅಂದರೆ "ಒಣ ಕಸದ ಚೀಲಕ್ಕೇ ಹಾಕಿದ್ದೀನಲ್ಲ ಆಂಟಿ" ಅಂತಾರೆ ಈಗಿನ ಮಕ್ಕಳು. ಹಾಕಿದ್ದೀರಿ, ಸರಿ. ಆ ಬಾಟಲಿಯೊಳಗೆ ಅರ್ಧ ಲೋಟ ಜ್ಯೂಸ್ ಉಳಿದಿದೆಯಲ್ಲ, ಅದು ಯಾವ ಸೀಮೆ ಒಣ ಕಸ? ಮುಚ್ಚಳ ಸಡಿಲವಾಗಿ ಜ್ಯೂಸು ಸೋರುತ್ತದೆ, ಪಕ್ಕದಲ್ಲಿದ್ದ ನ್ಯೂಸ್‌ಪೇಪರು, ರಟ್ಟಿನ ಡಬ್ಬ ಎಲ್ಲ ನೆನೆಯುತ್ತದೆ. ನೆನೆದ ರಟ್ಟಿಗೆ ಗುಜರಿಯವನು ಬೆಲೆ ಕೊಡಲ್ಲ. ಒಂದು ಬಾಟಲಿ ಚೀಲಪೂರ್ತಿ ಕೆಡಿಸಿತು. 2015ರ ಡಿಸೆಂಬರಿನಲ್ಲೇ ಹೈಕೋರ್ಟು ಬೆಂಗಳೂರಿನವರಿಗೆ ಎರಡು ಬುಟ್ಟಿ, ಒಂದು ಚೀಲ ಅಂತ ಹೇಳಿಯಾಯಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡೈಪರಿನಂಥದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಅದಕ್ಕೂ ಮೊದಲು, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರು ಹಳ್ಳಿಗಳವರು ನಮ್ಮ ಕಸ ಬೇಡ ಅಂತ ಬೀದಿಗೆ ಇಳಿದಿದ್ದರು. ಇಷ್ಟಾದರೂ ಬಾಟಲಿ ತೊಳೆಯೋದನ್ನ ಹೇಳಿಕೊಡಬೇಕು ಅಂದರೆ ಏನನ್ನೋಣ.

ಮೊದಲು ಬಾಟಲಿ ಯಾವುದು ಅಂತ ತಿಳಿಯಬೇಕು. ತಿರುಗಿಸಿ ತಳ ನೋಡಿ, ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ಪೆಟ್ ಅನ್ನುವ ಪ್ಲಾಸ್ಟಿಕ್ಕು: ನೀರು, ಜ್ಯೂಸು, ಬಹುಪಾಲು ಅಡುಗೆ ಎಣ್ಣೆ ಬಾಟಲಿಗಳು. ಹಿಸುಕಿದರೆ ಚರಚರ ಅನ್ನುತ್ತದೆ. 2 ಅಂದರೆ ಶಾಂಪೂ, ಫಿನಾಯಿಲ್ ಬಾಟಲಿಯ ಮಂದ ಬಣ್ಣದ ಪ್ಲಾಸ್ಟಿಕ್ಕು, ಉಗುರಿನಲ್ಲಿ ಗೀರಿದರೆ ಮೇಣದ ಹಾಗೆ. ಅಂಕಿ ಅಳಿಸಿಹೋಗಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ ಬೆರಳಲ್ಲಿ ಅದುಮಿ ಬಿಡಿ. ಪೆಟ್ ಮುಳುಗುತ್ತದೆ, ಶಾಂಪೂ ಬಾಟಲಿಯದು ತೇಲುತ್ತದೆ. ಎರಡಕ್ಕೂ ಬೆಲೆ ಇದೆ, ಆದರೆ ಬೇರೆಬೇರೆ ಗುಡ್ಡೆ.

ನೀರಿನ ಬಾಟಲಿಗೆ ದೊಡ್ಡ ಕೆಲಸವೇನಿಲ್ಲ, ಬಗ್ಗಿಸಿ ಖಾಲಿ ಮಾಡಿದರೆ ಆಯಿತು. ಜ್ಯೂಸಿನದಕ್ಕೆ ಪಾತ್ರೆ ತೊಳೆದ ಕೊನೆಯ ನೀರು ಸಾಕು, ನಲ್ಲಿ ಬಿಟ್ಟುಕೊಂಡು ನಿಲ್ಲಬೇಡಿ. ಎಲ್ಲರೂ ಕೆಡಿಸೋದು ಎಣ್ಣೆ ಬಾಟಲಿಯನ್ನ. ಜಿಡ್ಡು ಹೋಗಲಿ ಅಂತ ಕುದಿಯೋ ನೀರು ಹುಯ್ಯುತ್ತಾರೆ. ಪೆಟ್ ಬಾಟಲಿ 70–75 ಡಿಗ್ರಿ ದಾಟಿದರೆ ಮೆತ್ತಗಾಗಿ ಮುರುಟಿಕೊಳ್ಳುತ್ತದೆ, ಜಿಡ್ಡು ಆ ಸುಕ್ಕಿನೊಳಗೇ ಕೂತುಬಿಡುತ್ತದೆ. ಆಮೇಲೆ ದೇವರು ಬಂದು ಉಜ್ಜಿದರೂ ಹೋಗಲ್ಲ.

ನಾನು ಹೇಳುವ ಹಾಗೆ ಮಾಡಿ. ಎಣ್ಣೆ ಮುಗಿಯಿತು ಅಂತ ನೀವು ಅಂದುಕೊಂಡ ದಿನ ಅದು ಮುಗಿದಿರಲ್ಲ. ರಾತ್ರಿ ಮಲಗುವಾಗ ಬಾಟಲಿಯನ್ನು ಒಗ್ಗರಣೆ ಸೌಟಿನ ಮೇಲೆ ತಲೆಕೆಳಗಾಗಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಬೆಳಗಿನ ಉಪ್ಪಿಟ್ಟಿನ ಸಾಸಿವೆಗೆ ಆಗುವಷ್ಟು ಎಣ್ಣೆ ಇಳಿದಿರುತ್ತದೆ. ಆಮೇಲೆ ಬಾಟಲಿಯೊಳಗೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿ. ನೀರು ಆಗಲೇ ಬೇಡ! ಮುಚ್ಚಳ ಬಿಗಿದು, ಬಾಟಲಿ ಅಡ್ಡ ಹಿಡಿದು, ಮೊರದಲ್ಲಿ ಕೇರುವ ಹಾಗೆ ಆ ಕಡೆ ಈ ಕಡೆ ಆಡಿಸಿ. ಒಣ ನುಚ್ಚು ಜಿಡ್ಡು ಹೀರಿಕೊಂಡು ಗೋಡೆಗೆ ಅಂಟುತ್ತದೆ, ಅಂಟಿದ್ದನ್ನು ಉಳಿದ ನುಚ್ಚು ಉಜ್ಜಿ ಇಳಿಸುತ್ತದೆ. ಕುತ್ತಿಗೆ ಹತ್ತಿರದ ಏಣುಗಳಿಗೆ ತಲುಪಬೇಕಾದರೆ ಬಾಟಲಿಯನ್ನು ಬುಡಮೇಲು ಮಾಡಿ ಹತ್ತು ಸಲ ಕುಟ್ಟಿ. ಈಗ ಅಂಟುವಾಳದ ನೀರು, ಇಲ್ಲದಿದ್ದರೆ ನಾಲ್ಕು ಹನಿ ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರು, ಬಾಟಲಿಯ ಕಾಲುಭಾಗದಷ್ಟು. ಪೂರ್ತಿ ತುಂಬಿಸಿದರೆ ಕುಲುಕಲು ಜಾಗ ಇರಲ್ಲ, ನುಚ್ಚು ತಳದಲ್ಲಿ ಸುಮ್ಮನೆ ಕೂರುತ್ತದೆ. ಐವತ್ತು ಎಣಿಸುವವರೆಗೆ ಕುಲುಕಿ. ನೀರು ನೀರುಮಜ್ಜಿಗೆಯ ಹಾಗೆ ಬೆಳ್ಳಗಾದರೆ ಜಿಡ್ಡು ಬಿಟ್ಟಿತು ಅಂತ ಅರ್ಥ. ಜಾಲರಿಯಲ್ಲಿ ಸೋಸಿ, ನುಚ್ಚನ್ನು ಹಸಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದು ಪೈಪು ಕಟ್ಟಿಕೊಂಡರೆ ನನ್ನನ್ನು ಬೈಯಬೇಡಿ. ಗಿಡದ ಬುಡಕ್ಕೂ ಬೇಡ, ಇರುವೆ ಮುತ್ತುತ್ತವೆ.

ಒಣಗಿಸೋದರಲ್ಲೂ ಒಂದು ತಪ್ಪು ಮಾಡುತ್ತಾರೆ. ಕಟ್ಟೆಯ ಮೇಲೆ ನೇರ ಬೋರಲು ಹಾಕುತ್ತಾರೆ. ಬಾಯಿ ನೆಲಕ್ಕೆ ಕಚ್ಚಿಕೊಂಡರೆ ಗಾಳಿ ಹೋಗೋದು ಎಲ್ಲಿಂದ? ಎರಡು ದಿನವಾದರೂ ಒಳಗೆ ಬೆವರುತ್ತಲೇ ಇರುತ್ತದೆ. ಪಾತ್ರೆ ಬುಟ್ಟಿಯ ಅಂಚಿಗೆ ಓರೆಯಾಗಿ ಇಡಿ. ಉಪ್ಪಿನಕಾಯಿ ಭರಣಿಯನ್ನೂ ಹೀಗೇ ಓರೆಯಾಗಿ ಬಿಸಿಲಿಗೆ ಇಡಬೇಕು. ಒಂದು ಹನಿ ನೀರು ಉಳಿದರೂ ಬೂಷ್ಟು ಬಂದು, ವರ್ಷದ ಮಾವಿನಕಾಯಿ ಎಲ್ಲ ತಿಪ್ಪೆಗೆ.

ಇನ್ನು ಲೇಬಲ್ಲು. ಇದನ್ನು ಕೀಳೋದು ಚಂದಕ್ಕಲ್ಲ. ಕಾರ್ಖಾನೆಯಲ್ಲಿ ಬಾಟಲಿಯನ್ನು ಚೂರು ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ, ತಾನಾಗಿಯೇ ಬೇರೆಯಾಯಿತು. ಆದರೆ ಬಾಟಲಿಗೆ ಅಂಗಿ ತೊಡಿಸಿದ ಹಾಗೆ ಬಿಗಿಯಾಗಿ ಕೂರುವ ಕೆಲವು ಲೇಬಲ್ಲು ಪಿವಿಸಿ ಅನ್ನುವ ಬೇರೆ ಪ್ಲಾಸ್ಟಿಕ್ಕಿನವು, ಪೆಟ್ ಜೊತೆಗೇ ಮುಳುಗುತ್ತವೆ. ಕರಗಿಸುವ ಶಾಖಕ್ಕೆ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಮಾಲು ಹಳದಿಗಟ್ಟಿ ಕಪ್ಪು ಚುಕ್ಕೆ ಬೀಳುತ್ತದೆ. ಆ ಮಾಲಿನಿಂದಲೇ ಪಾಲಿಯೆಸ್ಟರ್ ನೂಲು ತೆಗೆಯಬೇಕು, ಚುಕ್ಕೆ ಇದ್ದರೆ ಯಾರು ತಗೋತಾರೆ? ಅಂಗಿಯಂಥದನ್ನು ಕತ್ತರಿಯಿಂದ ಮೇಲಿಂದ ಕೆಳಕ್ಕೆ ಸೀಳಿ. ಗೋಂದಿನದನ್ನು ಮಧ್ಯಾಹ್ನದ ಬಿಸಿಲಿಗೆ ಕಾಲುಗಂಟೆ ಇಟ್ಟು, ಅವಸರ ಮಾಡದೆ ಎಳೆಯಿರಿ.

ಆಮೇಲೆ ಬಾಟಲಿಯನ್ನು ಮಲಗಿಸಿ ನಡುವೆ ತುಳಿದು, ಗಾಳಿ ಪೂರ್ತಿ ಹೋದ ಮೇಲೆ ಕಾಲು ತೆಗೆಯದೆ ಮುಚ್ಚಳ ತಿರುಗಿಸಿ. ಕಾಲು ತೆಗೆದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಒಂದು ಲೀಟರಿನ ನೀರಿನ ಬಾಟಲಿ ನಲವತ್ತು ಐವತ್ತು ಸೇರಿದರೇನೆ ಒಂದು ಕೆಜಿ. ತುಳಿಯದೆ ಹಾಕಿದರೆ ಕಸದ ಆಟೋದವರು ಗಾಳಿ ಹೊತ್ತು ತಿರುಗಬೇಕು. ಮುಂಚೆ "ಹಳೇ ಪೇಪರ್, ಖಾಲಿ ಸೀಸೆ" ಅಂತ ಸೈಕಲ್ಲಿನವನು ಬಾಗಿಲಿಗೆ ಬರುತ್ತಿದ್ದ, ಸೀಸೆ ಸೀಳು ಬಿಟ್ಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ ಕಾಸು ಎಣಿಸುತ್ತಿದ್ದ. ಆ ಕಾಸಿನ ಆಸೆಗೇ ಮನೆಯವರೆಲ್ಲ ತೊಳೆದಿಡುತ್ತಿದ್ದರು.

ಬಾಟಲಿ ಕತ್ತರಿಸಿ ಆಯಿಲ್ ಪೇಂಟು ಬಳಿದು ಹೂಕುಂಡ ಮಾಡಿದೆವು ಅಂತ ಫೋಟೊ ಹಾಕುವವರಿಗೆ ಒಂದು ಮಾತು. ಬಿಸಿಲಿಗೆ ಬರಬರುತ್ತಾ ಅದು ಪೆಡಸಾಗಿ ಬಿರುಕು ಬಿಡುತ್ತದೆ, ಪೇಂಟು ಹತ್ತಿದ್ದನ್ನು ಗುಜರಿಯವನೂ ಮುಟ್ಟಲ್ಲ. ಚಿಪ್ಸ್ ಕವರು ತುರುಕಿ ಕೊಟ್ಟ ಬಾಟಲಿಯೂ ಅಷ್ಟೇ, ಒಳ್ಳೆ ಪೆಟ್ ಹಾಳು. ಟೆರೇಸಿನಲ್ಲಿ ಬಾಯಿ ತೆರೆದು ಗುಡ್ಡೆ ಹಾಕಿದರೆ ಒಂದು ಮಳೆ ಸಾಕು, ಡೆಂಗೆ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗೆ. ಹಂಡೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವವರು ಇನ್ನೂ ಇದ್ದಾರೆ. ಆ ಹೊಗೆ ಹೋಗೋದು ಸ್ನಾನಕ್ಕೆ ಕೂತ ಮಗುವಿನ ಮೂಗಿಗೆ.

ಶಾಂಪೂ ಬಾಟಲಿಯ ಪಂಪಿನೊಳಗೆ ಸಣ್ಣ ಕಬ್ಬಿಣದ ಸ್ಪ್ರಿಂಗು ಇರುತ್ತದೆ, ಪಂಪು ತೆಗೆದು ಬೇರೆ ಇಡಿ. ಆಸಿಡ್, ಜಿರಲೆ ಔಷಧಿ ಬಾಟಲಿ ತೊಳೆಯಲೂ ಬೇಡಿ, ತುಳಿಯಲೂ ಬೇಡಿ. ಮುಚ್ಚಳ ಬಿಗಿದು, ಬೇರೆ ಕವರಿನಲ್ಲಿಟ್ಟು, ಇಂಥದ್ದು ಅಂತ ಹೇಳಿ ಕಸದವರ ಕೈಗೆ ಕೊಡಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಪೂರ್ತಿ ತುಂಡು ಮಾಡದೆ ಚೂರು ಅಂಟಿಕೊಂಡೇ ಇರಲಿ, ಬಿದ್ದ ಮೂಲೆಯನ್ನು ಯಾರೂ ಹೆಕ್ಕಲ್ಲ, ಸೀದಾ ಮೋರಿಗೆ ಹೋಗುತ್ತದೆ. ಚೀಲದ ಬಾಯಿಗೆ ಮಾತ್ರ ಏಳು ಸುತ್ತಿನ ಗಂಟು ಹಾಕಬೇಡಿ, ಎಳೆದರೆ ಬಿಚ್ಚುವ ಹಾಗಿರಲಿ. ಬಿಚ್ಚದಿದ್ದರೆ ಕಸದವರು ಚೀಲವನ್ನೇ ಹರಿಯುತ್ತಾರೆ, ಬಾಟಲಿಯೆಲ್ಲ ಮತ್ತೆ ರಸ್ತೆ ಮೇಲೆ.