ಕಾಫಿ ಕಂಟೇನರ್ ಯುರೋಪಿಗೆ ಹೊರಡುವ ಮುಂಚೆ: ಇಎನ್‌ಎಸ್ ಕೆಲಸದಲ್ಲಿ ನನ್ನ ಅನುಭವ

ಮಂಗಳೂರಿನಲ್ಲಿ ಸರಕು ಸಾಗಣೆ ಏರ್ಪಡಿಸುವ ಒಂದು ಫಾರ್ವರ್ಡಿಂಗ್ ಆಫೀಸಿನಲ್ಲಿ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿಗೆ ಜಾಸ್ತಿ ಬರುವುದು ಹಾಸನ, ಚಿಕ್ಕಮಗಳೂರು, ಕೊಡಗಿನ ಹುರಿಯದ ಕಾಫಿ ಬೀಜ. ಪಣಂಬೂರಿನಿಂದ ಫೀಡರ್ ಹಡಗಿನಲ್ಲಿ ಕೊಲಂಬೊ, ಅಲ್ಲಿ ದೊಡ್ಡ ಹಡಗಿಗೆ ಹತ್ತಿ ಇಟಲಿ, ಬೆಲ್ಜಿಯಂ, ಜರ್ಮನಿ. ಹೊಸದಾಗಿ ರಫ್ತಿಗೆ ಇಳಿದವರು ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ಶಿಪ್ಪಿಂಗ್ ಬಿಲ್ ಆಯ್ತು, ಎಲ್‌ಇಒ ಬಂತು, ಕಸ್ಟಮ್ಸ್ ಮುಗೀತಲ್ವಾ ಸರ್, ಮತ್ತೆ ಇದೇನು ಕೇಳ್ತಿದ್ದೀರಿ?"

ಶಿಪ್ಪಿಂಗ್ ಬಿಲ್ ಅಂದರೆ ನಮ್ಮ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ, ಎಲ್‌ಇಒ ಅಂದರೆ ಅವರು ಕೊಡುವ ರಫ್ತು ಅನುಮತಿ. ಮುಗಿದಿದ್ದು ನಮ್ಮ ದೇಶದ ಕಸ್ಟಮ್ಸ್. ಮಾಲು ಇಳಿಯುವ ದೇಶದ ಕಸ್ಟಮ್ಸ್‌ನವರಿಗೆ, ಮಾಲು ಹಡಗು ಹತ್ತುವ ಮುಂಚೆಯೇ, ಒಳಗೆ ಏನಿದೆ, ಯಾರು ಕಳಿಸಿದ್ದು, ಯಾರು ಕೊಂಡಿದ್ದು ಅಂತ ಹೇಳಬೇಕು. ಯುರೋಪಿಗೆ ಇದರ ಹೆಸರು ಇಎನ್‌ಎಸ್, ಅಂದರೆ ಎಂಟ್ರಿ ಸಮ್ಮರಿ ಡಿಕ್ಲರೇಷನ್. ಅದು ಈಗ ಹೋಗಿ ಬೀಳುವುದು ಯುರೋಪಿಯನ್ ಒಕ್ಕೂಟದ ಕಸ್ಟಮ್ಸ್‌ನ ಐಸಿಎಸ್2 ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ. ಹಡಗು ಕಂಪನಿಗಳಿಗೆ ಇದು 2024ರ ಜೂನ್ 3ರಿಂದ ಶುರುವಾಯಿತು. ಹೌಸ್ ಬಿಎಲ್ (ಫಾರ್ವರ್ಡರ್ ತನ್ನ ಹೆಸರಿನಲ್ಲಿ ಕೊಡುವ ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಸಾಗಣೆಯ ದಾಖಲೆ) ಕೊಡುವ ನಮ್ಮಂಥವರಿಗೆ ಡಿಸೆಂಬರ್ 4ರಿಂದ.

24 ಗಂಟೆ ಅನ್ನುವ ಲೆಕ್ಕದಲ್ಲೇ ತುಂಬಾ ಜನ ಎಡವುತ್ತಾರೆ. ಹಡಗು ಹೊರಡುವುದಕ್ಕೆ 24 ಗಂಟೆ ಮುಂಚೆ ಅಲ್ಲ, ಲೋಡಿಂಗ್ ಶುರುವಾಗುವುದಕ್ಕೆ 24 ಗಂಟೆ ಮುಂಚೆ. ಅದೂ ಯುರೋಪಿಗೆ ಹೋಗುವ ಹಡಗಿಗೆ. ನಮ್ಮ ಲೆಕ್ಕದಲ್ಲಿ ಅದು ಕೊಲಂಬೊದ ಹಡಗು. ಹಾಗಾದರೆ ಪಣಂಬೂರಿನಿಂದ ಕಂಟೇನರ್ ಹೊರಟ ಮೇಲೂ ಟೈಮ್ ಇದೆಯಲ್ಲ ಅನ್ನಿಸುತ್ತದೆ. ಕಾನೂನಿನ ಪ್ರಕಾರ ಇದೆ. ಆದರೆ ಕೊಲಂಬೊದಲ್ಲಿ ತಡೆ ಬಿದ್ದರೆ ಕಂಟೇನರ್ ಅಲ್ಲೇ ಕೂರುತ್ತದೆ, ಬಾಡಿಗೆ ಓಡುತ್ತದೆ. ಅದಕ್ಕೇ ಹಡಗು ಕಂಪನಿಗಳು ಪಣಂಬೂರಿನಲ್ಲೇ ಎಸ್‌ಐ (ಬಿಎಲ್‌ಗೆ ಬೇಕಾದ ವಿವರಗಳ ಪತ್ರ) ಕೊಡಲು ಕಟ್‌ಆಫ್, ಅಂದರೆ ಕೊನೆಯ ಗಡುವು, ಇಟ್ಟಿರುತ್ತವೆ. ನನಗೆ ಲೆಕ್ಕಕ್ಕೆ ಬರುವುದು ಆ ಕಟ್‌ಆಫ್ ಮಾತ್ರ. ಅದಕ್ಕಿಂತ ನಾಲ್ಕೈದು ದಿನ ಮುಂಚೆಯೇ, ಲಾರಿ ಘಾಟಿ ಇಳಿಯುವುದಕ್ಕೂ ಮೊದಲು, ವಿವರ ಕೇಳಲು ಶುರು ಮಾಡುತ್ತೇನೆ.

ಮೊದಲು ಕೇಳುವುದು ಖರೀದಿದಾರರ ಇಒಆರ್‌ಐ ನಂಬರ್. ಯುರೋಪಿನ ಕಸ್ಟಮ್ಸ್ ಕೊಡುವ ನೋಂದಣಿ ಸಂಖ್ಯೆ ಇದು, ಇಟಲಿಯವರದ್ದು 'ಐಟಿ' ಎಂದು, ಜರ್ಮನಿಯವರದ್ದು 'ಡಿಇ' ಎಂದು ಶುರುವಾಗುತ್ತದೆ. ರಫ್ತುದಾರರು ಹಳೆಯ ಇನ್‌ವಾಯ್ಸ್ ನೋಡಿ ವ್ಯಾಟ್ ನಂಬರ್ ಕಳಿಸುವುದುಂಟು. ಕೆಲವು ದೇಶಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಎಲ್ಲ ಕಡೆ ಹಾಗಿಲ್ಲ. ಯುರೋಪಿಯನ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದರೆ ಚಾಲ್ತಿಯಲ್ಲಿದೆಯೋ ಇಲ್ಲವೋ ಕ್ಷಣದಲ್ಲಿ ಗೊತ್ತಾಗುತ್ತದೆ. ಅದನ್ನು ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಎರಡನೆಯದು ಮಾಲಿನ ವಿವರಣೆ. ಒಬ್ಬ ರಫ್ತುದಾರರಿಂದ ಬಂದ ಎಸ್‌ಐನಲ್ಲಿ ಇದ್ದಿದ್ದು ಇಷ್ಟೇ: "320 ಬ್ಯಾಗ್ಸ್ ಇಂಡಿಯನ್ ಪ್ರಾಡಕ್ಟ್". ಒಳಗಿದ್ದಿದ್ದು ರೋಬಸ್ಟಾ ಚೆರಿ ಎಬಿ ಅನ್ನುವ ದರ್ಜೆಯ ಕಾಫಿ. ಬಿಎಲ್ ಮೇಲೆ ಸರಕಿನ ಹೆಸರು ಜಾಸ್ತಿ ಕಾಣುವುದು ಬೇಡ ಅಂತ ಅವರ ಲೆಕ್ಕ. ಯುರೋಪಿನ ವ್ಯವಸ್ಥೆ ಇದನ್ನು ಒಪ್ಪುವುದಿಲ್ಲ. ಜನರಲ್ ಕಾರ್ಗೋ, ಫುಡ್‌ಸ್ಟಫ್, ಪಾರ್ಟ್ಸ್ ಇಂಥ ಪದಗಳಿಂದ ಒಳಗೆ ಏನಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಆಗ ಇಎನ್‌ಎಸ್ ವಾಪಸ್ ಬರುತ್ತದೆ, ಇಲ್ಲವೇ ಪ್ರಶ್ನೆ ಬರುತ್ತದೆ. ನಾನು ಅದನ್ನು ಹೀಗೆ ತಿದ್ದಿ ಕಳಿಸಿದೆ: ಹುರಿಯದ, ಕೆಫೀನ್ ತೆಗೆಯದ ಕಾಫಿ ಬೀಜ, ರೋಬಸ್ಟಾ ಚೆರಿ ಎಬಿ, 60 ಕೆಜಿಯ 320 ಗೋಣಿ ಚೀಲ, ಎಚ್‌ಎಸ್ ಕೋಡ್ (ಸರಕು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) 0901.11. ಇಂಗ್ಲಿಷಿನಲ್ಲಿ ಒಂದು ಸಾಲು ಅಷ್ಟೇ. ಹಳೆಯ ವ್ಯವಸ್ಥೆಯಲ್ಲಿ ವಿವರಣೆ ಚೆನ್ನಾಗಿದ್ದರೆ ಕೋಡ್ ಇಲ್ಲದೆಯೂ ನಡೆಯುತ್ತಿತ್ತು. ಈಗ ವಿವರಣೆಯೂ ಬೇಕು, ಆರಂಕಿಯ ಕೋಡೂ ಬೇಕು. ನಮ್ಮ ಶಿಪ್ಪಿಂಗ್ ಬಿಲ್ಲಿನಲ್ಲಿರುವ ಎಂಟಂಕಿಯ ಕೋಡಿನ ಮೊದಲ ಆರು ಅಂಕಿ ಇದಕ್ಕೆ ತಾಳೆಯಾಗಬೇಕು. ಇಲ್ಲದಿದ್ದರೆ ಎರಡು ಕಡೆ ಎರಡು ಮಾತು ಹೇಳಿದಂತಾಗುತ್ತದೆ.

ತೂಕದ ಗೊಂದಲ ಇನ್ನೊಂದು. 320 ಚೀಲಕ್ಕೆ ನಿವ್ವಳ 19,200 ಕೆಜಿ. ಅದಕ್ಕೆ ಗೋಣಿಯ ತೂಕ ಸೇರಿಸಿದರೆ ಗ್ರಾಸ್, ಇಎನ್‌ಎಸ್‌ನಲ್ಲಿ ಹೋಗಬೇಕಾದ್ದು ಅದು. 2016ರ ಜುಲೈ 1ರಿಂದ ಕಡ್ಡಾಯವಾದ ವಿಜಿಎಂನಲ್ಲಿ, ಅಂದರೆ ತುಂಬಿದ ಕಂಟೇನರಿನ ದೃಢೀಕೃತ ತೂಕದಲ್ಲಿ, ಖಾಲಿ ಕಂಟೇನರಿನ ತೂಕವೂ ಸೇರಿರುತ್ತದೆ, 20 ಅಡಿಯದ್ದಾದರೆ ಎರಡು ಟನ್‌ಗಿಂತ ಸ್ವಲ್ಪ ಹೆಚ್ಚು. ವೇ ಬ್ರಿಡ್ಜ್ ಚೀಟಿಯಲ್ಲಿ ಇದ್ದಿದ್ದನ್ನು ಹಾಗೇ ಎಸ್‌ಐಗೆ ಹಾಕಿಬಿಡುವವರು ಈಗಲೂ ಇದ್ದಾರೆ.

ವಿಳಾಸದ ವಿಷಯ ಕೇಳಿದರೆ ನಗು ಬರುತ್ತದೆ. ಐಸಿಎಸ್2ಗೆ ವಿಳಾಸ ಒಂದೇ ಗಂಟಾಗಿ ಬೇಡ, ರಸ್ತೆ, ಊರು, ಪಿನ್‌ಕೋಡ್, ದೇಶ ಫಾರ್ಮಿನ ಬೇರೆ ಬೇರೆ ಮನೆಗಳಲ್ಲಿ ತುಂಬಬೇಕು. ಕಾಫಿ ಸಂಸ್ಕರಿಸುವ ನಮ್ಮ ಕ್ಯೂರಿಂಗ್ ವರ್ಕ್ಸ್‌ಗಳ ವಿಳಾಸ ಹೇಗಿರುತ್ತದೆ ಗೊತ್ತಲ್ಲ, ಬಿ.ಎಂ. ರೋಡ್, ಪೆಟ್ರೋಲ್ ಬಂಕ್ ಎದುರು, ಹಾಸನ. ಈ ಪೆಟ್ರೋಲ್ ಬಂಕನ್ನು ಯಾವ ಮನೆಗೆ ಹಾಕಲಿ? ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿರುವ ವಿಳಾಸವನ್ನೇ ತೆಗೆದುಕೊಂಡರೆ ತಲೆನೋವು ಕಡಿಮೆ.

ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ ಪತ್ರ) ಮೇಲೆ ಹೋಗುವ ಮಾಲಿಗೆ ಬಿಎಲ್ ಹೆಚ್ಚಾಗಿ ಬ್ಯಾಂಕಿನ ಆರ್ಡರ್‌ಗೆ ಇರುತ್ತದೆ. ಆಗ ಕನ್ಸೈನಿ (ಮಾಲು ಪಡೆಯುವವರು) ಜಾಗದಲ್ಲಿ ಬ್ಯಾಂಕ್ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ನೋಟಿಫೈ ಪಾರ್ಟಿ (ಮಾಲು ಬಂದಾಗ ತಿಳಿಸಬೇಕಾದವರು) ಯಾರು, ನಿಜವಾಗಿ ಮಾರಿದ್ದು ಯಾರು, ಕೊಂಡಿದ್ದು ಯಾರು, ಇವೆಲ್ಲ ಪೂರ್ತಿ ಬೇಕು. ಮಧ್ಯದಲ್ಲಿ ದುಬೈಯೋ ಸಿಂಗಾಪುರವೋ ಒಬ್ಬ ವ್ಯಾಪಾರಿ ಇದ್ದರೆ ಇಲ್ಲೇ ಜಗಳ ಶುರು. ತನ್ನ ಗಿರಾಕಿ ಯಾರೆಂದು ಹೇಳಲು ಅವನಿಗೆ ಇಷ್ಟವಿಲ್ಲ, ನಮಗೆ ಹೇಳದೆ ವಿಧಿಯಿಲ್ಲ.

ಇದೇ ಕಾರಣಕ್ಕೆ ಫಾರ್ವರ್ಡರ್‌ಗಳೂ ಹೌಸ್ ಬಿಎಲ್ ವಿವರವನ್ನು ಹಡಗು ಕಂಪನಿಗೆ ಕೊಡಲು ಹಿಂಜರಿಯುತ್ತಾರೆ. ಅದಕ್ಕೆ ದಾರಿ ಇದೆ. ಹೌಸ್ ಮಟ್ಟದ ವಿವರವನ್ನು ನಾವೇ, ಇಲ್ಲವೇ ಯುರೋಪಿನಲ್ಲಿರುವ ನಮ್ಮ ಏಜೆಂಟರು, ನೇರವಾಗಿ ಸಲ್ಲಿಸಬಹುದು. ಆದರೆ ಹಾಗೆ ಸಲ್ಲಿಸುವವರ ಇಒಆರ್‌ಐ ನಂಬರನ್ನು ಹಡಗು ಕಂಪನಿ ತನ್ನ ಮಾಸ್ಟರ್ ಫೈಲಿಂಗ್‌ನಲ್ಲಿ (ತಾನೇ ಕೊಡುವ ಮಾಸ್ಟರ್ ಬಿಎಲ್‌ನ ಸಲ್ಲಿಕೆಯಲ್ಲಿ) ಹಾಕಿರಬೇಕು, ಮತ್ತು ನಾವು ಹಾಕುವ ಮಾಸ್ಟರ್ ಬಿಎಲ್ ನಂಬರ್ ಅವರದ್ದಕ್ಕೆ ಒಂದಕ್ಷರ ತಪ್ಪದೆ ಹೊಂದಬೇಕು. ಹೊಂದದಿದ್ದರೆ ಎರಡೂ ಕೂಡುವುದಿಲ್ಲ, ಇಎನ್‌ಎಸ್ ಅರ್ಧಕ್ಕೇ ನಿಲ್ಲುತ್ತದೆ. ತಿಂಗಳಿಗೆ ನಾಲ್ಕಾರು ಕಂಟೇನರ್ ಕಳಿಸುವವರಾದರೆ ಹಡಗು ಕಂಪನಿಗೇ ವಿವರ ಕೊಟ್ಟು ಅವರಿಂದಲೇ ಮಾಡಿಸಿ ಅನ್ನುವುದು ನನ್ನ ಅಭಿಪ್ರಾಯ. ಗಿರಾಕಿಯನ್ನು ಕದಿಯುವವರು ಹೇಗಿದ್ದರೂ ಕದಿಯುತ್ತಾರೆ.

ಸಲ್ಲಿಸಿದ ಮೇಲೆ ಸಾಮಾನ್ಯವಾಗಿ ಯಾವ ಸದ್ದೂ ಇರುವುದಿಲ್ಲ. ಅನುಮಾನ ಬಂದರೆ ಹೆಚ್ಚಿನ ಮಾಹಿತಿ ಕೊಡಿ ಅಂತ ಉತ್ತರ ಬರಬಹುದು, ಹಡಗಿಗೆ ಹತ್ತಿಸಬೇಡಿ ಅಂತಲೂ ಬರಬಹುದು. ನಾನು ನೋಡಿದ್ದು ಮೊದಲನೆಯದು ಮಾತ್ರ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಾಫಿ ಬೋರ್ಡಿನ ಪರ್ಮಿಟ್ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದರೆ ಅದೇ ದಿನ ಉತ್ತರ ಹೋಗುತ್ತದೆ.

ಮಳೆಗಾಲದ ಕಥೆ ಬೇರೆ. ಶಿರಾಡಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆದರೆ ಹಾಸನದಲ್ಲಿ ಸ್ಟಫಿಂಗ್ ಆದ, ಅಂದರೆ ಮಾಲು ತುಂಬಿದ, ಕಂಟೇನರ್ ಗೇಟ್ ಮುಚ್ಚುವುದರೊಳಗೆ ಪಣಂಬೂರು ಸೇರುವುದಿಲ್ಲ. ಬುಕಿಂಗ್ ಮುಂದಿನ ಹಡಗಿಗೆ ಹೋಗುತ್ತದೆ. ಕೆಲವೊಮ್ಮೆ ಒಂದೇ ಲಾಟಿನ ಎರಡು ಕಂಟೇನರಿನಲ್ಲಿ ಒಂದು ಸೇರಿ ಇನ್ನೊಂದು ಉಳಿಯುತ್ತದೆ. ಆಗ ಬಿಎಲ್ ಒಡೆಯಬೇಕು, ಕಂಟೇನರ್ ನಂಬರ್, ಸೀಲ್ ನಂಬರ್, ಚೀಲದ ಲೆಕ್ಕ ಎಲ್ಲ ಬದಲಾಗುತ್ತದೆ, ಇಎನ್‌ಎಸ್ ತಿದ್ದುಪಡಿಯೂ ಆಗಬೇಕು. ತಿದ್ದುಪಡಿಗೆ ಹಡಗು ಕಂಪನಿ ಚಾರ್ಜ್ ಹಾಕುತ್ತದೆ. ಅದು ರಫ್ತುದಾರರ ತಲೆಗೋ ನಮ್ಮ ತಲೆಗೋ ಅನ್ನುವುದನ್ನು ಬುಕಿಂಗ್ ಇಮೇಲ್‌ನಲ್ಲೇ ಬರೆದಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಾಲು ತಪ್ಪುವುದೇ ಇಲ್ಲ.

ಅಮೆರಿಕಕ್ಕೆ ಗೋಡಂಬಿ ಕಳಿಸುವವರಿಗೆ ನಿಯಮ ಬೇರೆ. ಅಲ್ಲಿನ ಕಸ್ಟಮ್ಸ್‌ಗೆ ಮುಂಗಡ ವಿವರ ಎರಡು ಕಡೆಯಿಂದ ಹೋಗುತ್ತದೆ: ಹಡಗು ಕಂಪನಿ ಸಲ್ಲಿಸುವ ಎಎಂಎಸ್ ಒಂದು, ಆಮದುದಾರರು ಸಲ್ಲಿಸುವ ಐಎಸ್‌ಎಫ್ ಇನ್ನೊಂದು. ಐಎಸ್‌ಎಫ್ ಹೊಣೆ ಅಮೆರಿಕದ ಆಮದುದಾರರದ್ದು, ತಪ್ಪಿದರೆ 5,000 ಡಾಲರ್‌ವರೆಗೆ ದಂಡ. ಆದರೆ ತಯಾರಕರು ಯಾರು, ಸ್ಟಫಿಂಗ್ ಎಲ್ಲಾಯಿತು ಅನ್ನುವ ಮಾಹಿತಿ ಇಲ್ಲಿಂದಲೇ ಹೋಗಬೇಕು. ಫ್ಯಾಕ್ಟರಿ ಕಾರ್ಕಳದಲ್ಲಿ, ಆಫೀಸ್ ಮಂಗಳೂರಿನಲ್ಲಿ, ಕಂಟೇನರ್ ತುಂಬಿದ್ದು ಬೈಕಂಪಾಡಿಯ ಗೋದಾಮಿನಲ್ಲಿ ಅಂದರೆ ಸ್ಟಫಿಂಗ್ ಜಾಗಕ್ಕೆ ಬೈಕಂಪಾಡಿಯ ವಿಳಾಸವನ್ನೇ ಕೊಡಬೇಕು. ಲೆಟರ್‌ಹೆಡ್ಡಿನಲ್ಲಿರುವ ವಿಳಾಸ ಅಲ್ಲ.

ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವ ನಮ್ಮ ಫ್ಯಾಕ್ಟರಿಯವರಿಗೂ 2021ರಿಂದ ಇಂಥದ್ದೇ ನಿಯಮ ಬಂದಿದೆ. ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ (ನಮ್ಮ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸಬೇಕು. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಬ್ಯಾಂಕಿನಿಂದ ಒರಿಜಿನಲ್ ದಾಖಲೆ ಬರಲಿ ಅಂತ ಕಾಯುವ ಅಗತ್ಯ ಇಲ್ಲ. ಸಪ್ಲೈಯರ್ ಕಳಿಸಿದ ಬಿಎಲ್ ಕಾಪಿ, ಇನ್‌ವಾಯ್ಸ್ ಕಾಪಿ ಇಟ್ಟುಕೊಂಡೇ ಫೈಲಿಂಗ್ ಶುರು ಮಾಡಬಹುದು.